ತಾಟಿನಲ್ಲಿ ಕೈ ತೊಳೆದ ಸಂಜೆ

ದೆವ್ವ, ಗಾಳಿ, ಮಾಟ ಎಂಬ ಮಾತು ತೆಗೆದವರ ಮುಖಕ್ಕೇ ನಕ್ಕುಬಿಡುವ ಮನುಷ್ಯ ನಾನು. ಮೂವತ್ತು ವರ್ಷ ಗೋಕಾಕ, ಮೂಡಲಗಿ ಸುತ್ತಿನ ಹಳ್ಳಿಗಳಲ್ಲಿ ದನದ ಡಾಕ್ಟರನಾಗಿ ಓಡಾಡಿದವನು. ಆಕಳ ಹಾಲಿನಲ್ಲಿ ರಕ್ತ ಬಂದರೆ ಯಾರದೋ ಕಣ್ಣು ತಾಗಿತು ಎಂದು ಲಿಂಬೆಹಣ್ಣು ಕಟ್ಟಿ, ಎಂಟು ದಿನ ಕಾಯ್ದು, ದನ ನೆಲ ಹಿಡಿದ ಮೇಲೆ ನನಗೆ ಫೋನ್ ಮಾಡುವವರನ್ನು ನೋಡಿ ನೋಡಿ ನನ್ನ ನಾಲಿಗೆ ಒರಟಾಗಿದೆ. ಅದು ಕೆಚ್ಚಲು ಬಾವು, ಹೊತ್ತಿಗೆ ಸರಿಯಾಗಿ ಸೂಜಿ ಚುಚ್ಚಿದ್ದರೆ ಇಳಿಯುತ್ತಿತ್ತು ಎಂದು ಬೈದು ಬರುತ್ತಿದ್ದೆ. "ಅನುಭವ ಆದವರಿಗೇ ಗೊತ್ತು" ಎಂದು ಕಣ್ಣರಳಿಸಿ ಕಥೆ ಹೇಳುವವರನ್ನು ಕಂಡರಂತೂ ನನಗೆ ಆಗುವುದೇ ಇಲ್ಲ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನ್ನ ತಕರಾರಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಇಷ್ಟು ಹೊತ್ತಿಗೆ ಪುಟ ತಿರುವಿರುತ್ತಿದ್ದೆ.

ಇದು ನಡೆದು ನಾಲ್ಕು ವರ್ಷವಾಯಿತು. ಜಾಗ ಸಂಕೇಶ್ವರ. ಸ್ಮಶಾನವಲ್ಲ, ಹಾಳುಬಾವಿಯಲ್ಲ, ಒಂದು ಪಬ್ಬು. ಹೆಸರು ಹೇಳುವುದಿಲ್ಲ, ಪುಕ್ಕಟೆ ಜಾಹೀರಾತು ನಾನೇಕೆ ಕೊಡಲಿ. ಪುಣೆ ಕಡೆಯ ಯಾರೋ ಹಳೆಯ ಕಾಲದ ದೊಡ್ಡ ವಾಡೆ ಮನೆಯೊಂದನ್ನು ಕೊಂಡು, ಗೋಡೆಯ ಸುಣ್ಣ ಕೆರೆದು ಇಟ್ಟಿಗೆ ಕಾಣುವಂತೆ ಮಾಡಿ, ಸಾಗವಾನಿ ಕಂಬಗಳಿಗೆ ಎಣ್ಣೆ ತಿಕ್ಕಿಸಿ, ಅಂಗಳಕ್ಕೆ ಮಾಡು ಹೊದಿಸಿ ನಿಲ್ಲಿಸಿದ್ದರು. ಚಂದ ಮಾಡಿರಲಿಲ್ಲ ಎಂದು ನಾನು ಹೇಳಲಾರೆ. ಬಾಗಿಲ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ 'ನೇಬರ್‌ಹುಡ್ ಪಬ್' ಎಂದು ಹಾಕಿದ್ದರು. ಆದರೆ ನೆರೆಹೊರೆಯವರ ಪೈಕಿ ಒಳಗೆ ಕಾಲಿಟ್ಟವನು ನನಗೆ ಒಬ್ಬನೂ ಸಿಗಲಿಲ್ಲ. ಎದುರಿನ ಹಿಟ್ಟಿನ ಗಿರಣಿಯವನನ್ನು ಕೇಳಿದೆ. "ಬಾಗಲದಾಗ ಕೋಟ ಹಾಕ್ಕೊಂಡಾಂವ ಒಬ್ಬಾಂವ ನಿಂತಿರತಾನ್ರಿ. ನನ್ನ ಹಿಟ್ಟಿನ ಮೈ ನೋಡಿ ಒಳಗ ಬಿಡ್ತಾನೇನು?" ಎಂದ. ಬರುವವರೆಲ್ಲ ಹೆದ್ದಾರಿಯಿಂದ ಇಳಿದ ಕೊಲ್ಹಾಪುರ, ಬೆಳಗಾವಿಯ ಕಾರುಗಳವರು.

ಅಲ್ಲಿಯ ಮೆನು ಕಾರ್ಡನ್ನು ಒಮ್ಮೆ ಓದಬೇಕು ನೀವು. ಒಣಗಿಸಿದ ಕಟಿ ರೊಟ್ಟಿಯನ್ನು ಮುರಿದು ಮೇಲೆ ಚೀಸ್ ಸುರಿದು ಅದಕ್ಕೆ ರೊಟ್ಟಿ ನ್ಯಾಚೋಸ್ ಎನ್ನುತ್ತಾರೆ. ಗೋಕಾಕದ ಕರದಂಟನ್ನು ಪುಡಿ ಮಾಡಿ ಐಸ್‌ಕ್ರೀಮಿನ ಮೇಲೆ ಉದುರಿಸುತ್ತಾರೆ. ನಮ್ಮ ಹೆಂಗಸರು ಮಸಾಲೆ ಖಾರಕ್ಕೆ ಕುಟ್ಟುವ ಸಂಕೇಶ್ವರದ ಮೆಣಸಿನಕಾಯಿ ಅಲ್ಲಿ ಮದ್ಯದ ಗ್ಲಾಸಿನ ಅಂಚಿಗೆ ಸಿಕ್ಕಿಸಿಕೊಂಡು ಬರುತ್ತದೆ. ಎಲ್ಲದಕ್ಕೂ 'ನಮ್ಮ ಮಣ್ಣಿನ ರುಚಿ' ಎಂದು ಬೇರೆ ಬರೆದಿರುತ್ತದೆ. ಕಿಟಕಿಗಳಿಗೆಲ್ಲ ಮರದ ಹಲಗೆ ಜಡಿದು ಮಟಮಟ ಮಧ್ಯಾಹ್ನವೂ ಮಂಕು ದೀಪ ಉರಿಸುತ್ತಾರೆ. ಒಂದು ಗಡಿಯಾರವಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, ಗಿರಾಕಿಗಳಿಗೆ ಹೊತ್ತು ಹೋದದ್ದು ಗೊತ್ತಾಗಬಾರದು ಎಂದು ಮ್ಯಾನೇಜರ್ ಹೆಮ್ಮೆಯಿಂದ ವಿವರಿಸಿದ. ಕೋಳಿ ಫಾರಂನವರೂ ದೀಪದ ಆಟ ಆಡಿಯೇ ಕೋಳಿಗೆ ಹೆಚ್ಚು ತಿನ್ನಿಸುತ್ತಾರೆ. ಇದನ್ನು ಅವನಿಗೆ ಹೇಳಿದೆ, ಅವನಿಗೆ ಅರ್ಥವಾಗಲಿಲ್ಲ.

ಆ ವಾಡೆ ನನ್ನ ಗೆಳೆಯ ನೇಮಣ್ಣನದು. ಅಂದರೆ, ಆಗಿತ್ತು. ಜೈನರ ಮನೆ, ಮೆಣಸಿನಕಾಯಿ ವ್ಯಾಪಾರದ ಮನೆತನ. ನಾನು ಮಮದಾಪುರದ ಕುರಿಗಾರರ ಹುಡುಗ, ಸಂಕೇಶ್ವರದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದಿದೆ. ನೇಮಣ್ಣ ಮತ್ತು ನಾನು ಒಂದೇ ಬೆಂಚು. ಶಾಲೆ ಬಿಟ್ಟ ಕೂಡಲೇ ಅವನ ಮನೆಗೆ ಓಡುತ್ತಿದ್ದೆವು. ಅಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ದೀಪ ಹಚ್ಚಿದ ಮೇಲೆ ಒಂದು ಅಗುಳೂ ಬಾಯಿಗೆ ಹೋಗುವಂತಿಲ್ಲ. ನೇಮಣ್ಣನ ತಾಯಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಪಡಸಾಲೆಯಲ್ಲಿ ನಾವು ಹರಟುತ್ತ ಉಣ್ಣುತ್ತಿದ್ದರೆ ಆಕೆ ಹಿತ್ತಾಳೆ ಚರಿಗೆಯಲ್ಲಿ ನೀರು ಹಿಡಿದು ಬಂದು ನಿಲ್ಲುತ್ತಿದ್ದಳು. "ಹೊತ್ತ ಮುಣಗಾಕತ್ತೈತಿ, ಕೈ ತೊಳಕೋರಿ." ಇಷ್ಟೇ ಮಾತು. ಬಾಯಿಯಲ್ಲಿ ತುತ್ತಿದ್ದರೆ ನುಂಗಬೇಕು, ಕೈಯಲ್ಲಿದ್ದರೆ ಇಳಿಸಬೇಕು. ತಾಟಿನಲ್ಲೇ ಕೈ ಹಿಡಿದರೆ ಆಕೆ ನೀರು ಹಾಕುವಳು. ತಾಟಿಗೆ ನೀರು ಬಿತ್ತೆಂದರೆ ಊಟ ಮುಗಿಯಿತು, ಮತ್ತೆ ಅದಕ್ಕೆ ಕೈ ಹಾಕುವಂತಿಲ್ಲ. ನನ್ನ ತಾಟು ಬೇರೆ ಇರುತ್ತಿತ್ತು, ಅದನ್ನು ನಾನೇ ತಿಕ್ಕಿ ಗೋಡೆಯ ಗೂಟದ ಕೆಳಗೆ ಇಡಬೇಕಿತ್ತು. ಆ ಸಿಟ್ಟು ನನ್ನಲ್ಲಿ ಇವತ್ತಿಗೂ ಪೂರ್ತಿ ಇಳಿದಿಲ್ಲ. ಕೈ ತೊಳಕೋರಿ ಎಂಬ ಮಾತು ಮಾತ್ರ ಇಬ್ಬರಿಗೂ ಒಂದೇ ಇತ್ತು.

ಆಯಿ ತೀರಿಕೊಂಡ ವರ್ಷವೇ ನೇಮಣ್ಣ ವಾಡೆ ಮಾರಿದ. ಹುಕ್ಕೇರಿಗೆ ಕೊಟ್ಟಿದ್ದ ಅಕ್ಕ ಪದ್ಮಕ್ಕನಿಗೆ ಒಂದು ಮಾತು ಹೇಳಲಿಲ್ಲ. ಆಕೆ ಆಯಿಯ ವರ್ಷದ ಪೂಜೆಗೆ ಬಂದಾಗ ಬಾಗಿಲಲ್ಲಿ ಗವಂಡಿಗಳು ಗೋಡೆ ಕೆರೆಯುತ್ತಿದ್ದರಂತೆ. ಆಕೆ ಹಾಗೇ ತಿರುಗಿ ಹೋದಳು. ಮುಂದೆ ಮೂರು ವರ್ಷ ಅಕ್ಕತಮ್ಮಂದಿರ ನಡುವೆ ಮಾತಿಲ್ಲ, ಫೋನಿಲ್ಲ. ನೇಮಣ್ಣ ಹುಕ್ಕೇರಿಗೆ ಹೋದರೆ ಆಕೆ ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದಳು. ಅವನಿಗೆ ಇದ್ದವಳು ಅಕ್ಕ ಒಬ್ಬಳೇ. ಗಂಡಸು ನನ್ನೆದುರು ಎರಡು ಸಲ ಅತ್ತಿದ್ದಾನೆ, ಹಾಗಾಗಿ ಇದನ್ನು ನಾನು ಹಗುರಾಗಿ ಹೇಳುತ್ತಿಲ್ಲ.

ಆದರೆ ಅವನು ಹೂಡಿದ ಉಪಾಯ ಕೇಳಿ ನನಗೆ ಅವನ ತಲೆಗೆ ಮೊಟಕಬೇಕು ಅನ್ನಿಸಿತು. ಅಕ್ಕನನ್ನು ಆ ಪಬ್ಬಿಗೇ ಊಟಕ್ಕೆ ಕರೆಯುವುದಂತೆ. ಮನೆಯನ್ನು ಕೆಡವಿಲ್ಲ, ಹಾಳು ಬಿಟ್ಟಿಲ್ಲ, ಮೊದಲಿಗಿಂತ ಚಂದ ಇಟ್ಟಿದ್ದಾರೆ ಎಂದು ಕಣ್ಣಾರೆ ಕಂಡರೆ ಅಕ್ಕನ ಮನಸ್ಸು ಕರಗುತ್ತದಂತೆ. ಹಳೆಯ ಯಜಮಾನರು ಎಂದು ಪಬ್ಬಿನವರು ಅವನಿಗೆ ಒಂದು ಕಾರ್ಡು ಕೊಟ್ಟು, ಬಂದಾಗಲೆಲ್ಲ ಒಳ್ಳೆಯ ಟೇಬಲ್ಲು ಕೊಡುತ್ತಿದ್ದರು. ಅದೇ ಕಾರ್ಡು ಅವನ ತಲೆ ಕೆಡಿಸಿತ್ತು. ಹೆಂಡದ ಬಾಟಲಿಗಳ ನಡುವೆ ಉಳ್ಳಾಗಡ್ಡಿಯನ್ನೂ ಮುಟ್ಟದ ಹೆಂಗಸನ್ನು ತಂದು ಕೂರಿಸಿ ರಾಜಿ ಮಾಡಿಕೊಳ್ಳುವೆ ಎನ್ನುವವನನ್ನು ಏನನ್ನಬೇಕು? ಸಂಧಾನಕ್ಕೆ ಹೋಗಬೇಕಾದವನು ನಾನು. ಹೋದೆ. ಆಶ್ಚರ್ಯವೆಂದರೆ ಪದ್ಮಕ್ಕ ಒಪ್ಪಿದಳು. "ಬರತೇನಿ ಅನ್ನು. ಮನಿ ಏನ ಮಾಡ್ಯಾನ, ಒಮ್ಮೆ ನೋಡತೇನಿ. ಹೊತ್ತ ಮುಣಗಿದ ಮ್ಯಾಲ ಒಂದ ಗಳಿಗಿ ನಿಲ್ಲಂಗಿಲ್ಲ. ಇದರ ಮ್ಯಾಲ ನನ್ನ ಕರೀಬ್ಯಾಡ, ನಾನೂ ಅವನ ಮಾರಿ ನೋಡೂದಿಲ್ಲ." ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಚಳಿಗಾಲದ ಒಂದು ರವಿವಾರ, ಇಳಿಹೊತ್ತು ನಾಲ್ಕಕ್ಕೆ ನಾವಿಬ್ಬರೂ ಅಲ್ಲಿದ್ದೆವು. ಪದ್ಮಕ್ಕ ಪರಿಚಯದವರ ಗಾಡಿಯಲ್ಲಿ ಬಂದಳು. ಕೈಯಲ್ಲಿ ಸ್ಟೀಲಿನ ಡಬ್ಬಿ, ಒಂದು ನೀರಿನ ಬಾಟಲಿ. ಹಿತ್ತಾಳೆ ಅಕ್ಷರಗಳನ್ನು ಒಮ್ಮೆ ನೋಡಿದಳು, ಬಾಗಿಲನ್ನು ಒಮ್ಮೆ ನೋಡಿದಳು, ಒಳಗೆ ಕಾಲಿಡದೆ ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟಳು. ಕೋಟಿನವನು ಬಂದು, ಮೇಡಂ ಇಲ್ಲಿ ಕೂಡುವಂತಿಲ್ಲ ಎಂದ.

"ನೀ ಯಾವೂರಾಂವೋ ತಮ್ಮಾ?" ಎಂದಳು ಪದ್ಮಕ್ಕ.

"ಕೊಣ್ಣೂರ್ರಿ."

"ಹಂಗಾರ ನೀ ಹೊರಗಿನಾಂವ. ನಾ ಈ ಮನ್ಯಾಗ ಹುಟ್ಟಿದಾಕಿ. ಸರದ ನಿಲ್ಲು."

ಅವನು ಸರಿದು ನಿಂತ. ಆ ಇಡೀ ಸಂಜೆ ನನಗೆ ಖುಷಿ ಕೊಟ್ಟದ್ದು ಇದೊಂದೇ. ನೇಮಣ್ಣ ಅಕ್ಕನ ಎದುರು ನಿಂತು ಏನೋ ತೊದಲಿದ. ಆಕೆ ಅವನ ತಲೆಯ ಮೇಲಿನಿಂದ ಗಿರಣಿಯ ಕಡೆ ನೋಡುತ್ತಿದ್ದಳು. ಅವನು ಸಣ್ಣ ಮುಖ ಮಾಡಿಕೊಂಡು ಒಳಗೆ ಹೋದ. ನಾನು ಆಕೆಯ ಬಾಜೂಕ್ಕೆ ಕೂತು, "ಒಳಗ ಬರ್ರಿ ಪದ್ಮಕ್ಕಾ, ಇಲ್ಲೀತನಾ ಬಂದೀರಿ, ಎರಡ ಮಾತಾಡ್ರಿ ಅವನ ಕೂಡ" ಎಂದೆ. "ಅಂವ ಮಾರೂಕಿಂತ ಮೊದಲ ಮಾತಾಡಬೇಕಾಗಿತ್ತು. ನೀ ಹೋಗು, ಉಣ್ಣು. ನಾ ಇಲ್ಲೇ ಉಂಡು ಹೋಗತೇನಿ" ಎಂದಳು. ಬಿಸಿಲು ಇನ್ನೂ ಕಟ್ಟೆಯ ಮೇಲಿತ್ತು. ಆಕೆಯ ಹಟ ಸರಿ ಎಂದೇ ನನಗೂ ಅನ್ನಿಸಿದ್ದರಿಂದ ಹೆಚ್ಚು ಒತ್ತಾಯಿಸಲಿಲ್ಲ.

ಒಳಗೆ ನಮ್ಮನ್ನು ಕೂರಿಸಿದ್ದು ಪಡಸಾಲೆಯಲ್ಲಿ, ಹುಡುಗರಾಗಿದ್ದಾಗ ಉಣ್ಣುತ್ತಿದ್ದ ಜಾಗದಲ್ಲೇ. ಅಡುಗೆಮನೆಯ ಒಲೆಯಿದ್ದಲ್ಲಿ ಈಗ ಬಾರ್ ಕೌಂಟರು. ಆಯಿಯ ಬೀಸುಕಲ್ಲನ್ನು ಕಂಬದ ಬುಡದಲ್ಲಿಟ್ಟು ಮೇಲೆ ಕಾಗದದ ಕರವಸ್ತ್ರಗಳ ಡಬ್ಬಿ ಇಟ್ಟಿದ್ದರು. ನಾನು ಬೇಕೆಂದೇ ಮಟನ್ ಸುಕ್ಕಾ ಹೇಳಿದೆ. ಬೇರೆ ತಾಟಿನ ಹುಡುಗ ಅದೇ ಜಾಗದಲ್ಲಿ ಕೂತು ಮಟನ್ ತಿನ್ನುವುದು ಒಂದು ಲೆಕ್ಕಕ್ಕೆ ನ್ಯಾಯವೇ ಅನ್ನಿಸಿತು. ಸಣ್ಣತನ ಎನ್ನುವವರು ಎನ್ನಲಿ. ನೇಮಣ್ಣ ಒಂದು ಬಿಯರು, ಆ ರೊಟ್ಟಿಯ ಚೂರು ತರಿಸಿಕೊಂಡ. ಅಡುಗೆ ಬರಲು ಒಂದು ತಾಸಿಗಿಂತ ಹೆಚ್ಚೇ ಹಿಡಿಯಿತು. ನಿಧಾನಕ್ಕೆ ಬಡಿಸುವುದೂ ಅಲ್ಲಿಯ ಒಂದು ದೊಡ್ಡಸ್ತಿಕೆಯಂತೆ.

ಸುತ್ತ ಸುಮಾರು ಮೂವತ್ತು ಜನ ಇದ್ದರು. ತಟ್ಟೆಯ ಫೋಟೋ ತೆಗೆದು, ತಮ್ಮ ಫೋಟೋ ತೆಗೆದು, ಆಮೇಲೆ ತಣ್ಣಗಾದದ್ದನ್ನು ತಿನ್ನುವವರು. ಕಂಬವನ್ನು ತಬ್ಬಿ ನಿಂತು ಫೋಟೋ ತೆಗೆಸಿಕೊಂಡ ಒಬ್ಬಳು, ಎಂಥ ವೈಬು ಇದೆ ಈ ಮನೆಗೆ ಎಂದಳು. ಆ ಮನೆಯ ಮಗಳು ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಒಂದು ಹಿಂಡು ಕುರಿಗೂ ಇವರಿಗೂ ವ್ಯತ್ಯಾಸವಿಲ್ಲ ಎಂದು ನೇಮಣ್ಣನಿಗೆ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಅವನ ಲಕ್ಷ್ಯ ಬಾಗಿಲ ಮೇಲಿತ್ತು.

ಇನ್ನು ಮುಂದಿನದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಮಟನ್ನಿನ ಎರಡನೇ ತುತ್ತು ನನ್ನ ಕೈಯಲ್ಲಿತ್ತು. ಕೈ ಬಾಯಿಯ ಹತ್ತಿರ ಬಂದು ನಿಂತಿತು. ಯಾರೂ ಹಿಡಿಯಲಿಲ್ಲ, ನೋವಿಲ್ಲ, ಜೋಮು ಹಿಡಿದಿರಲಿಲ್ಲ. ಉಣ್ಣುವುದು ಮುಗಿಯಿತು ಎಂದು ಕೈಗೆ ಗೊತ್ತಾದ ಹಾಗಿತ್ತು, ಅಷ್ಟೇ. ತುತ್ತನ್ನು ತಾಟಿಗೆ ಇಳಿಸಿದೆ. ಎಡಗೈ ತಾನಾಗಿ ನೀರಿನ ಗ್ಲಾಸು ತೆಗೆದುಕೊಂಡಿತು. ತಾಟಿನಲ್ಲೇ ಬಲಗೈ ಹಿಡಿದು ನೀರು ಸುರಿದುಕೊಂಡೆ. ಆ ಪಬ್ಬಿನ ಬಿಳಿ ಪಿಂಗಾಣಿ ತಾಟಿನಲ್ಲಿ, ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದ ಮನುಷ್ಯ, ಎಣ್ಣೆ ತೇಲುವ ನೀರಿನಲ್ಲಿ ಬೆರಳು ತಿಕ್ಕಿ ತಿಕ್ಕಿ ತೊಳೆದೆ. ತಲೆ ಎತ್ತಿದರೆ ನೇಮಣ್ಣನೂ ತೊಳೆಯುತ್ತಿದ್ದ. ಅವನ ಹತ್ತಿರ ನೀರಿರಲಿಲ್ಲ, ಬಿಯರು ಸುರಿದುಕೊಳ್ಳುತ್ತಿದ್ದ.

ಆಮೇಲೆ ಉಳಿದವರನ್ನು ನೋಡಿದೆ. ಎಲ್ಲರೂ ತೊಳೆಯುತ್ತಿದ್ದರು. ಮುಳ್ಳುಚಮಚೆಯಲ್ಲಿ ತಿನ್ನುತ್ತಿದ್ದವರು ಅದನ್ನು ಬದಿಗಿಟ್ಟು, ಎಂಜಲಾಗದ ಬೆರಳುಗಳನ್ನು ತಾಟಿನಲ್ಲಿ ಹಿಡಿದಿದ್ದರು. ಕಂಬ ತಬ್ಬಿದ್ದ ಹೆಂಗಸು ಕೆಂಪು ವೈನನ್ನು ಕೈಮೇಲೆ ಹಾಕಿಕೊಂಡಳು. ಕರಿಗಲ್ಲಿನ ಹಲಗೆಯ ಮೇಲೆ ಪಿಜ್ಜಾ ತಿನ್ನುತ್ತಿದ್ದ ನಾಲ್ವರ ನೀರು ಅಂಚಿಲ್ಲದ ಹಲಗೆಯಿಂದ ತೊಡೆಯ ಮೇಲೆ ಹರಿಯಿತು, ಅವರು ಅಲುಗಲಿಲ್ಲ. ಯಾರೂ ಮಾತಾಡಲಿಲ್ಲ, ಯಾರ ಮುಖದಲ್ಲೂ ಗಾಬರಿ ಇರಲಿಲ್ಲ. ಹಾಡು ತನ್ನ ಪಾಡಿಗೆ ಬಡಿದುಕೊಳ್ಳುತ್ತಿತ್ತು. ನಾನು ಯಾವ ದನಿಯನ್ನೂ ಕೇಳಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಮುಂದೆ ಬೇಕಾಗುತ್ತದೆ. ನೇಮಣ್ಣ ನನ್ನ ಎದುರಿಗೇ ಇದ್ದ, ಅವನ ತುಟಿ ಮುಚ್ಚಿತ್ತು.

ಕೈ ತೊಳೆಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಆಮೇಲೆ ಒಬ್ಬ ಸಣ್ಣಗೆ ನಕ್ಕ. ಇನ್ನೊಬ್ಬ ತೊಡೆ ಒರೆಸಿಕೊಂಡು ವೇಟರನ್ನು ಕೂಗಿದ. ಪಕ್ಕದವರನ್ನು ಏನಾಯಿತು ಎಂದು ಕೇಳಿದವನು ಒಬ್ಬನೂ ಇಲ್ಲ. ಎಲ್ಲರೂ ಮೊಬೈಲ್ ತೆಗೆದು ಮುಖಕ್ಕೆ ಅಡ್ಡ ಹಿಡಿದರು. ಇಡೀ ಸಂಜೆ ತಿನ್ನುವುದಕ್ಕೂ ಉಗುಳುವುದಕ್ಕೂ ಫೋಟೋ ತೆಗೆದವರು ಇದೊಂದರ ಫೋಟೋ ತೆಗೆದಿರಲಿಲ್ಲ.

ನೇಮಣ್ಣ ಎದ್ದು ಹೊರಗೆ ನಡೆದ. ನಾನೂ ಹಿಂದೆಯೇ ಹೋದೆ. ಓಣಿಯ ತುದಿಯಲ್ಲಿ ಸೂರ್ಯ ಅರ್ಧ ಮುಳುಗಿದ್ದ. ಹಲಗೆ ಜಡಿದ, ಗಡಿಯಾರವಿಲ್ಲದ ಆ ಮನೆಯೊಳಗೆ ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಪದ್ಮಕ್ಕ ಕಟ್ಟೆಯ ಮೇಲೆ ಹಾಗೇ ಕೂತಿದ್ದಳು. ಡಬ್ಬಿ ತೆರೆದಿತ್ತು, ಅದರಲ್ಲಿ ಅರ್ಧ ರೊಟ್ಟಿ ಉಳಿದಿತ್ತು, ಆಕೆಯ ಬಲಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೇಮಣ್ಣನ ಕೈಯೂ ಒದ್ದೆ. ಆಕೆ ಅವನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು.

"ಕೈ ತೊಳಕೊಂಡಿ?"

"ಹೂಂ ಅಕ್ಕಾ."

"ನಾನೂ ತೊಳಕೊಂಡೆ. ಬಾ, ಕೂಡಬಾ."

ಮೂರು ವರ್ಷದ ಮೇಲೆ ಆಡಿದ ಮಾತು ಅದು. ಅವನು ಕೂತ. ಹೊತ್ತು ಮುಳುಗಿದ ಮೇಲೆ ಒಂದು ಗಳಿಗೆ ನಿಲ್ಲುವುದಿಲ್ಲ ಎಂದಿದ್ದವಳು ದೀಪ ಹತ್ತಿದ ಮೇಲೂ ಬಹಳ ಹೊತ್ತು ಕೂತಿದ್ದಳು. ಏನು ಮಾತಾಡಿದರೋ ನಾನು ಕೇಳಲಿಲ್ಲ, ಗಿರಣಿಯ ಮುಂದೆ ಹೋಗಿ ನಿಂತಿದ್ದೆ.

ನನ್ನಂಥವನು ಇಷ್ಟಕ್ಕೇ ಬಿಡುತ್ತಾನೆಯೇ? ಮುಂದಿನ ವಾರ ಮತ್ತೆ ಹೋದೆ. ಅಂಥದ್ದೇನೂ ಆಗಿಲ್ಲ ಎಂದ ಮ್ಯಾನೇಜರ್. ಕ್ಯಾಮೆರಾ ತೋರಿಸು ಎಂದರೆ ಗಿರಾಕಿಗಳ ಖಾಸಗಿತನ ಎಂದು ಭಾಷಣ ಬಿಗಿದ. ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕುವ ಹೆಂಗಸನ್ನು ಕೇಳಿದೆ. "ಅವತ್ತ ತಾಟೆಲ್ಲಾ ನೀರ ತುಂಬಿ ಬಂದ್ವುರಿ ಸಾಹೇಬ್ರ. ಶ್ಯಾಣ್ಯಾ ಮಂದಿ ಹಿಂಗ್ಯಾಕ ಮಾಡ್ಯಾರ ಅಂತ ನಾ ಒಬ್ಬಾಕಿನ ನಕ್ಕೆ" ಎಂದಳು. ಆ ಜಾಗದಲ್ಲಿ ನಿಜ ಹೇಳಿದವಳು ಅವಳೊಬ್ಬಳೇ.

ವಿವರಣೆ ಹುಡುಕದೆ ಬಿಟ್ಟಿಲ್ಲ. ಅಮಲು ಎನ್ನೋಣವೆಂದರೆ ಅಂದು ನಾನು ನೀರನ್ನಷ್ಟೇ ಕುಡಿದಿದ್ದೆ. ಹುಡುಗತನದ ರೂಢಿ ಎನ್ನೋಣವೆಂದರೆ ಅದು ನನಗೂ ನೇಮಣ್ಣನಿಗೂ ಸರಿ, ಕೊಲ್ಹಾಪುರದ ಕಾರಿನವರಿಗೆ ಎಲ್ಲಿಂದ ಬರಬೇಕು? ಒಬ್ಬರನ್ನು ನೋಡಿ ಒಬ್ಬರು ಮಾಡಿದರು ಎನ್ನಬಹುದು. ಹಿಂಡಿನ ನಡೆ ನನಗೆ ಚೆನ್ನಾಗಿ ಗೊತ್ತು, ಕುರಿಗಳ ನಡುವೆಯೇ ಬೆಳೆದವನು. ಆದರೆ ಹಿಂಡಿನಲ್ಲಿ ಮೊದಲು ಹೆಜ್ಜೆ ಕಿತ್ತ ಕುರಿ ಒಂದು ಇದ್ದೇ ಇರುತ್ತದೆ, ಅಪ್ಪ ದೂರದಿಂದಲೇ ಅದನ್ನು ಬೆರಳು ಮಾಡಿ ತೋರಿಸುತ್ತಿದ್ದ. ಅಲ್ಲಿ ಮೊದಲನೆಯವನು ಯಾರು ಎಂದು ಎಷ್ಟು ನೆನಪಿಸಿಕೊಂಡರೂ ಸಿಗುವುದಿಲ್ಲ. ನಾನು ಯಾರನ್ನೂ ನೋಡಿ ತೊಳೆಯಲಿಲ್ಲ. ಕಡೆಗೆ ನನಗೆ ಒಂದು ಸಮಾಧಾನ ಉಳಿದಿತ್ತು. ಪದ್ಮಕ್ಕನೇ ಹೊರಗಿನಿಂದ ತಾಯಿಯ ಹಾಗೆ ಕೂಗಿರಬೇಕು, ನಾವು ಕೇಳಿಯೂ ಕೇಳದ ಹಾಗೆ ಕೈ ತೊಳೆದಿರಬೇಕು. ಮೂರು ವರ್ಷ ಅದನ್ನೇ ನಂಬಿಕೊಂಡಿದ್ದೆ.

ಹೋದ ವರ್ಷ ಹುಕ್ಕೇರಿಗೆ ಹೋದಾಗ ಪದ್ಮಕ್ಕನ ಮನೆಯಲ್ಲಿ ಉಣ್ಣಲು ಕೂತೆ. ಈಗ ನೇಮಣ್ಣ ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಾನೆ, ಆಕೆಯ ಮುಖ ತುಂಬಿದೆ. ಹೊರಗೆ ಬಿಸಿಲು ಕೆಂಪಾಗುತ್ತಿತ್ತು. ಆಕೆ ಚರಿಗೆ ಹಿಡಿದು ಬಂದಳು. ಅದೇ ಸಮಯವೆಂದು ಕೇಳಿದೆ: "ಅವತ್ತ ಕಟ್ಟಿ ಮ್ಯಾಲಿಂದ ನೀವ ಒದರಿದ್ರಲ್ಲಾ, ಕೈ ತೊಳಕೋರಿ ಅಂತ?"

"ನಾ ಯಾಕ ಒದರಲೋ ತಮ್ಮಾ," ಎಂದಳು. "ಹೊತ್ತ ಇನ್ನೂ ಐತಿ ಅಂತ ನಾನೂ ಉಣ್ಣಾಕತ್ತಿದ್ದೆ. ಅರ್ಧಾ ರೊಟ್ಟಿ ಉಳೀತು ನೋಡು. ಒಳಗಿಂದ ನೇಮಾ ಒದರಿದಾ. ಹೊತ್ತ ಮುಣಗಾಕತ್ತೈತಿ ಅಂದಾ. ದನಿ ಥೇಟ ಆಯಿ ದನಿನ. ಅಂಥಾ ಜಾಗಾದಾಗ ಕುಂತೂ ಆಯಿ ಮಾತ ಮರತಿಲ್ಲಲ್ಲ ಅಂತ ನನ್ನ ಸಿಟ್ಟ ಎಲ್ಲಾ ಇಳೀತು. ಇಲ್ಲಾಂದ್ರ ನಾ ಮಾತಾಡಸ್ತಿದ್ದಿಲ್ಲ ಅವನ್ನ."

ನೇಮಣ್ಣ ಬಾಯಿ ತೆರೆದಿರಲಿಲ್ಲ. ಅವನ ಎದುರಿಗೇ ನಾನಿದ್ದೆ. ಜೀವನವಿಡೀ ಜನರ ಮುಖಕ್ಕೆ ನಿಜ ಎಸೆದು ಬಂದವನು ನಾನು. ಕಣ್ಣು ತಾಗಿಲ್ಲ, ಮಾಟವಿಲ್ಲ, ಹಾಗೇನೂ ಇಲ್ಲ ಎಂದು ಹೇಳುವುದೇ ನನ್ನ ಕಸುಬಾಗಿತ್ತು. ಪದ್ಮಕ್ಕ ಚರಿಗೆ ಬಗ್ಗಿಸಿ ಕಾಯುತ್ತಿದ್ದಳು. ನಾನು ತಾಟಿನಲ್ಲಿ ಕೈ ಹಿಡಿದೆ.